ಹತ್ತಿ, ರಾಳ, ಹನ್ನೆರಡು ತೂತು

ಜೂನ್ 9, ಸೋಮವಾರ. 13:40
ವೆಲ್ಡಿಂಗ್ ಮುಗಿದು ಹತ್ತು ನಿಮಿಷ. ಇನ್ನೂ ಅರ್ಧ ಗಂಟೆ ಇಲ್ಲೇ ಕೂರಬೇಕು, ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಪಕ್ಕ. ಕಿಡಿ ಎಲ್ಲಾದರೂ ಅಡಗಿದ್ದರೆ? ರೂಲ್ ಅದು. ಉಳಿದವರೆಲ್ಲ ಊಟಕ್ಕೆ ಹೋದರು. ಸದ್ಯ ಈ ಹೊಸ ನಮೂನೆಯ ಅಣು ರಿಯಾಕ್ಟರನ್ನು ಕಾಯುತ್ತಿರುವವನು ಒಬ್ಬನೇ — ಬೆಳಕೆಯ ಈರನ ಮಗ ಮಾಬ್ಲೇಶ್ವರ, ಏಳನೇ ಕ್ಲಾಸ್ ಪಾಸ್.

ಬರೆಯುವ ಚಟ ಹತ್ತಿದ್ದೂ ಇಲ್ಲೇ. ಗಂಟೆಗೊಮ್ಮೆ ಲಾಗ್ ಬರೆದು ಬರೆದು, ಈಗ ಸುಮ್ಮನೆ ಕೂತರೆ ಕೈ ತುರಿಸುತ್ತದೆ.

ಸುಚಿತಾ ರೌಂಡಿಗೆ ಬಂದಳು. ತಂಗಿ ಗಂಗಿಯ ಮಗಳು. ಇಲ್ಲಿ ಫೈರ್ ಪ್ರೊಟೆಕ್ಷನ್ ಇಂಜಿನಿಯರ್. ನನ್ನನ್ನು ಗುತ್ತಿಗೆಯವರ ಹತ್ತಿರ ಸೇರಿಸಿದ್ದೂ ಅವಳೇ. ಫೈಬರ್ ದೋಣಿ ಬಂದ ಮೇಲೆ ಮರದ ದೋಣಿ ರಿಪೇರಿಯವನನ್ನು ಯಾರು ಕೇಳುತ್ತಾರೆ...

"ಏ ಹೆಣ್ಣೇ, ಉಂಡ್ಯಾ?" ಅಂದೆ.
"ಮಾವ, ಇಲ್ಲಿ ಮೇಡಂ ಅನ್ಬೇಕು ಅಂತ ಎಷ್ಟು ಸಲ ಹೇಳೂದು?"
"ಆತು. ಮೇಡಂ ಹೆಣ್ಣೇ, ಉಂಡ್ಯಾ?"
ನಗು ತಡೆದುಕೊಂಡು ಹೋದಳು. ಹೆಲ್ಮೆಟ್ಟಿನ ಕೆಳಗೆ ಮುಖ ಸಣ್ಣಗಾಗಿದೆ.

ಜೂನ್ 15, ಭಾನುವಾರ. ಬೆಳಕೆ
ಮಳೆಗಾಲ, ಬೋಟು ಬಂದ್. ಊರಿಗೆ ಊರೇ ವೆಂಕಟ್ರಮಣನ ಚಾ ಅಂಗಡಿಯಲ್ಲಿ.
"ಎಂತ ಮಾಬ್ಲೇಶ್ವರಣ್ಣ, ಅಣುವಿನ ಒಲೆ ನೀನೇ ಹೊತ್ತಿಸೂದಡಾ?" ವೆಂಕಟ್ರಮಣನ ಕುಚೋದ್ಯ.
"ಹೊತ್ತಿಸೂಕೆ ದೊಡ್ಡ ದೊಡ್ಡವರಿದ್ದಾರೆ. ಹೊತ್ತಬಾರದ್ದು ಹೊತ್ತದ ಹಾಗೆ ನೋಡೂಕೆ ನಾನೊಬ್ಬನೇ."

ಬಿಸ್ಕೀಟು ನಿಲ್ಲಿಸಿ ತೋರಿಸಿದೆ. ಇದು ಗೋಡೆ. ಆಚೆ ಒಂದು ಪಂಪಿನ ಕೇಬಲ್, ಈಚೆ ಇನ್ನೊಂದರದ್ದು. ರಿಯಾಕ್ಟರ್ ನಿಂತ ಮೇಲೂ ಒಳಗೆ ಕಾವು ಇರುತ್ತದೆ, ತಣಿಸುವುದು ಈ ಪಂಪುಗಳು. ಒಂದು ಕಡೆ ಸುಟ್ಟರೂ ಇನ್ನೊಂದು ಉಳಿಯಬೇಕು. ಗೋಡೆಯಲ್ಲಿ ಕೇಬಲ್ ದಾಟಲು ತೂತುಗಳಿವೆ. ಆ ತೂತು ಮುಚ್ಚುವವನು ನಾನು. ಮೂರು ಗಂಟೆಯವರೆಗೆ ಬೆಂಕಿ ಈಚೆಯಿಂದ ಆಚೆಗೆ ದಾಟಬಾರದು. ಎಲ್ಲ ಸುಚಿತಾಳ ಮಾತೇ. ನನ್ನದೆಂದು ಹೇಳಿದೆ. ಬಿಸ್ಕೀಟು ತಿಂದೆ.

ಗಂಗಿ ಕೇಳಿದ್ದು ಒಂದೇ: "ಅವಳು ಸಮಾ ಉಣ್ತಾಳನಾ ಅಣ್ಣ?" ಹದಿನೆಂಟು ವರ್ಷ ಭಟ್ಕಳ ಪೇಟೆಗೆ ಮೀನು ಹೊತ್ತು ಮಗಳನ್ನು ಓದಿಸಿದವಳು. ನೆತ್ತಿಯ ಮೇಲೆ ಅಂಗೈಯಗಲ ಕೂದಲಿಲ್ಲ. ಬುಟ್ಟಿ ತಿಂದದ್ದು.

ಜೂನ್ 19, ಗುರುವಾರ. 16:20
ರಾಕ್‌ವೂಲ್ ಖಾಲಿ. ನೋಡಲು ಹತ್ತಿಯಂತೆ, ಆದರೆ ಸುಡುವುದಿಲ್ಲ. ತೂತಿನ ಒಳಗೆ ಅದನ್ನು ತುಂಬಿ, ಎರಡೂ ಕಡೆ ಗಾರೆ ಬಳಿಯುವುದು. ಲಾರಿ ಬರಲು ನಾಲ್ಕು ದಿನವಂತೆ. ಕೇಬಲ್ ರೂಮಿನಲ್ಲಿ ಒಟ್ಟು ಮುನ್ನೂರ ಹನ್ನೆರಡು ತೂತು. ಹನ್ನೆರಡು ಉಳಿದಿವೆ. ಶನಿವಾರ ಇನ್ಸ್‌ಪೆಕ್ಷನ್.

ಸೂಪರ್‌ವೈಸರ್ ದಿನಕರ ಕೈ ಕೊಡವಿದ. ಸುಚಿತಾ ಫೋನಿನಲ್ಲಿ ಬೈಸಿಕೊಳ್ಳುತ್ತಿದ್ದಳು. "ಸರ್... ಸರ್..." ಅಷ್ಟೇ. ಮೀನು ಮಾರುವವಳ ಮಗಳು ಬಾಯಿಲ್ಲದೆ ನಿಂತದ್ದು ಮೊದಲ ಸಲ ನೋಡಿದೆ.

ಜೂನ್ 20, ಶುಕ್ರವಾರ. 17:30
ಮುಗಿಸಿದೆ! ಹನ್ನೆರಡೂ.

ನಾನು ಉಳಿಯುವ ಕುಮಟಾದ ರೂಮಿನಲ್ಲಿ ಹಳೇ ಕಸುಬಿನ ಚೀಲ ಇತ್ತು. ದೋಣಿಯ ಹಲಗೆಸಂದಿಗೆ ತುರುಕುವ ಹತ್ತಿ, ಎಣ್ಣೆಯಲ್ಲಿ ಕುದಿಸಿದ ರಾಳ. ಬುತ್ತಿಡಬ್ಬಿಯಲ್ಲಿ ಅನ್ನದ ಕೆಳಗೆ ಇಟ್ಟು ಗೇಟು ದಾಟಿಸಿದೆ. ರಾಳ ಸವರಿದ ಹತ್ತಿ, ಉಳಿಯಿಂದ ಹದವಾಗಿ ಬಡಿದು, ಮೇಲೆ ಗಾರೆ. ಅರಬ್ಬೀ ಸಮುದ್ರಕ್ಕೇ ಮೂವತ್ತು ವರ್ಷ ದಾಟಲಾಗದ ಕೆಲಸ ಇದು. ಹೊಗೆ ಯಾವ ಲೆಕ್ಕ?

ಯಾವ ಯಾವ ನಂಬರಿನ ತೂತು ಎಂದು ಬರೆದಿಡುತ್ತಿಲ್ಲ. ಈರನ ಮಗನಿಗೆ ತಲೆಯೇ ಪುಸ್ತಕ.

ಜೂನ್ 21, ಶನಿವಾರ. 12:05
ಪಾಸ್. ಸುಚಿತಾ ಟಾರ್ಚ್ ಹಾಕಿ ಒಂದೊಂದೂ ನೋಡಿದಳು, ಸೈನ್ ಹಾಕಿದಳು.
"ಮಾಲು ಎಲ್ಲಿಂದ ಸಿಕ್ತು ಮಾವ?"
"ಮೂಲೆಯಲ್ಲೊಂದು ಚೀಲ ಇತ್ತು ಮೇಡಂ."
"ನಿನ್ನ ಕೈ ಚಲೋ ಅದೆ."
ಇಂಜಿನಿಯರಿಗೇ ಗೊತ್ತಾಗಲಿಲ್ಲ ನೋಡು!

ಜುಲೈ 6, ಭಾನುವಾರ. ಬೆಳಕೆ
ಬೆಳಿಗ್ಗೆ ಗಂಗಿಗೆ ಒಲೆ ಹತ್ತುತ್ತಿರಲಿಲ್ಲ. ಗ್ಯಾಸ್ ಮುಗಿದಿತ್ತು, ಸೌದೆ ಹಸಿ. ನಾನು ಊರಿಗೆ ತಂದಿದ್ದ ಚೀಲ ತಡಕಿ, ಉಳಿದಿದ್ದ ರಾಳದ ಹತ್ತಿ ಒಂದು ಮುಷ್ಟಿ ತುರುಕಿದಳು.

ಒಂದೇ ಕಡ್ಡಿ. ಭಗ್ಗೆಂದಿತು. ಹಸಿ ಸೌದೆಯೂ ಹೊತ್ತಿಕೊಂಡಿತು.

"ಅಣ್ಣ, ಇದು ಭಾರೀ ಚಲೋ ಹೊತ್ತುತ್ತದೆ. ಇನ್ನೂ ಇದ್ಯಾ?"

ಇದೆ.

ಜುಲೈ 8, ಮಂಗಳವಾರ. 10:15
ಆ ಹನ್ನೆರಡನ್ನೂ ಗುಟ್ಟಾಗಿ ಕಿತ್ತು ಸರಿಮಾಡೋಣ ಎಂದು ಹೋದೆ. ಕೇಬಲ್ ರೂಮಿಗೆ ಬೀಗ, ಬಾಗಿಲ ಮೇಲೆ ಚೀಟಿ, ಚೀಟಿಯ ಮೇಲೆ ಸುಚಿತಾಳ ಸೈನ್. ಅಂದದ ಅಕ್ಷರ. ಬೆಳಕೆ ಶಾಲೆಯಲ್ಲಿ ಕಲಿತದ್ದು.

ಮೂವತ್ತು ವರ್ಷ ನೀರು ತಡೆದವನು. ನೀರಿಗೂ ಬೆಂಕಿಗೂ ಒಂದೇ ಮದ್ದು ಅಂದುಕೊಂಡೆ.

ಹೇಳದಿದ್ದರೆ? ಬೆಂಕಿ ಬೀಳದೆಯೂ ಇರಬಹುದು. ನಲವತ್ತು ವರ್ಷ ಬೀಳದೆ ಇರಬಹುದು... ಬಿದ್ದರೆ? ಆಚೆಯ ಪಂಪು, ಈಚೆಯ ಪಂಪು. ಹೇಳಿದರೆ ಅವಳ ಕೆಲಸ ಹೋಗುತ್ತದೆ.

ಜುಲೈ 12, ಶನಿವಾರ. 18:10
ಊರಿಗೆ ಒಟ್ಟಿಗೆ ಹೊರಟಿದ್ದೆವು. ಹೊನ್ನಾವರದಲ್ಲಿ ಬಸ್ಸು ನಿಂತಾಗ ಕ್ಯಾಂಟೀನಿನಲ್ಲಿ ಹೇಳಿದೆ. ಎಲ್ಲ.

ಚಾ ಲೋಟ ಕೆಳಗಿಟ್ಟಳು.
"ಎಷ್ಟು, ಮಾವ?"
"ಹನ್ನೆರಡು."
"ನಾನು ಸೈನ್ ಹಾಕಿದ ರೂಮಲ್ಲಾ?"
"ಹ್ಞೂಂ."
ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.
"ಒಳಗೆ ಬಿಚ್ಚಿ ನೋಡದೇ ಸೈನ್ ಹಾಕ್ದೆ. ನೀನು ಮಾಡಿದ್ದು ಅಂತ," ಅಂದಳು.
"ಯಾರಿಗೂ ಗೊತ್ತಿಲ್ಲ, ಸುಚಿ. ನಾವಿಬ್ಬರೇ—"
"ಬೆಂಕಿಗೆ ಗೊತ್ತಿರ್ತದೆ, ಮಾವ."

ಬ್ಯಾಗು ಇಳಿಸಿಕೊಂಡಳು. ಕುಮಟಾ ಕಡೆಯ ಬಸ್ಸು ನಿಂತಿತ್ತು. ಹತ್ತುವ ಮುಂಚೆ ತಿರುಗಿದಳು: "ಅಮ್ಮಂಗೆ ಡ್ಯೂಟಿ ಬಂತು ಅಂತ ಹೇಳು. ಸುಳ್ಳು ನಿಂಗೆ ಕಲಿಸ್ಬೇಕಾ?"

ಬಂಗಡೆ ಸಾರು ಮಾಡಿಟ್ಟು ಗಂಗಿ ಕಾದಿದ್ದಳು. ಡ್ಯೂಟಿ ಬಂತು ಎಂದೆ. ನಂಬಿದಳು.

ಜುಲೈ 16, ಬುಧವಾರ. 11:00
ಗೇಟಿನಲ್ಲಿ ನನ್ನ ಪಾಸು ಕಿತ್ತುಕೊಂಡು ಎರಡು ದಿನ. ಅದು ಹೋಗಲಿ. ನಡೆದದ್ದೆಲ್ಲ ಸುಚಿತಾ ತಾನೇ ಬರೆದುಕೊಟ್ಟಳಂತೆ. ವಿಚಾರಣೆ ಮುಗಿಯುವವರೆಗೆ ಅವಳೂ ಹೊರಗೆ. ದಿನಕರ ಫೋನ್ ಮಾಡಿದ್ದ. "ಎಂತ ಮಾಡಿ ಹಾಕ್ದೆ ಮಾರಾಯ," ಅಂದ. ಫೋನು ಇಟ್ಟ.

ಜುಲೈ 17, ಗುರುವಾರ. 15:30
ಸುಚಿತಾಳ ಫೋನು.
"ಮಾವ, ಹನ್ನೆರಡೂ ನಂಬರ್ ಬರೆದು ಕೊಡು. ಆ ಹನ್ನೆರಡೇ ಬಿಚ್ಚಿ ಸರಿಮಾಡ್ತಾರೆ. ಒಂದು ತಪ್ಪಿದ್ರೂ ಮುನ್ನೂರ ಹನ್ನೆರಡೂ ಒಡೀಬೇಕು. ನನ್ನ ಒಂದು ಸೈನನ್ನೂ ಮತ್ತೆ ಯಾರೂ ನಂಬೂದಿಲ್ಲ."
"ಬರೀತೆ. ತಲೆಯಲ್ಲೇ ಅದೆ."
"ಖರೇ ಹೇಳು, ಮಾವ. ಬಡಾಯಿ ಬೇಡ."
"ಖರೇ."

ಜುಲೈ 18, ಶುಕ್ರವಾರ. 09:10
ಐದು ಗಂಟೆಗೆ ಪಟ್ಟಿ ಕೊಡಬೇಕು. ಗಂಗಿ ಒಲೆಯ ಮುಂದೆ ಊದುತ್ತಿದ್ದಾಳೆ. ನಾನು ಏನು ಬರೆಯುತ್ತಿದ್ದೇನೆಂದು ಕೇಳಿದಳು. ಡ್ಯೂಟಿ ಎಂದೆ.

ಬಾಗಿಲಿನ ಎಡಕ್ಕೆ: 41, 42, 47.
ಮೇಲಿನ ಸಾಲು: 118, 119, 126, 130.
ಏಣಿ ಹತ್ತಿ ಮಾಡಿದ್ದು: 203, 204.
ಕಂಬದ ಹಿಂದೆ: 288, 291.

ಹನ್ನೊಂದು.

ಇನ್ನೊಂದು ಎಲ್ಲಕ್ಕಿಂತ ಚೆನ್ನಾಗಿ ಮಾಡಿದ್ದು. ಹಳೆಯ ಸೀಲಿಗೂ ಇದಕ್ಕೂ ವ್ಯತ್ಯಾಸ ಕಾಣದ ಹಾಗೆ ಬೆರಳಿನಿಂದ ಸವರಿದ್ದೆ. ಹಿಂದೆ ಸರಿದು ನಿಂತು ನೋಡಿ ನನಗೇ ಗುರುತು ಸಿಗದೆ ನಕ್ಕಿದ್ದೆ. ನಕ್ಕದ್ದು ನೆನಪಿದೆ. ಕೈಯಲ್ಲಿದ್ದ ಉಳಿ ನೆನಪಿದೆ. ಎಡಗಡೆ ಪೈಪು ಇತ್ತು. ಅಥವಾ ಅದು 126ರ ಹತ್ತಿರವೋ...

16:20
ಹನ್ನೆರಡನೆಯದು: