ಅತ್ತೆ ಆರಿಸಿದ ಗಾಡಿ

ಹಾಸನ
೧೨ ಡಿಸೆಂಬರ್ ೨೦೨೪

ನಿಸರ್ಗಳ ಪ್ರೀತಿಯ ಅಪ್ಪನಿಗೆ,

ಹೇಗಿದ್ದೀರಿ? ಬೆರಳಿನ ಊತ ಇಳಿಯಿತೇ? ಹೋದ ಭಾನುವಾರ ನೀವು ಫೋನಿನಲ್ಲಿ ಕೆಮ್ಮಿದ್ದು ಪಕ್ಕದಲ್ಲಿದ್ದ ನನಗೂ ಕೇಳಿಸಿತು. ಆ ಹಿಮದಲ್ಲಿ ಒದ್ದೆ ಕಾಲುಚೀಲ ಹಾಕಿಕೊಂಡೇ ಡ್ಯೂಟಿಗೆ ಹೋಗಬೇಡಿ. ನಿಸರ್ಗ ಚೆನ್ನಾಗಿದ್ದಾಳೆ. ಮುಂದಿನ ಹಲ್ಲು ಬಿದ್ದು 'ಅಪ್ಪ' ಅನ್ನುವುದು 'ಅಫ್ಫ' ಆಗಿದೆ, ಅದಕ್ಕೆ ಅವಳೇ ನಗುತ್ತಾಳೆ. ನಾನೂ ಇದ್ದೇನೆ. ರಾತ್ರಿ ನಿದ್ದೆ ಇಲ್ಲ, ಶಾಲೆಯಲ್ಲಿ ಮಗ್ಗಿ ಹೇಳಿಸುತ್ತಾ ಆಕಳಿಸುತ್ತೇನೆ, ಅಷ್ಟೇ. ಫೋನಿನಲ್ಲಿ ಹೇಳದೆ ಕಾಗದ ಯಾಕೆ ಬರೆದಳು ಅಂದುಕೊಳ್ಳುತ್ತೀರಿ. ನಿಮ್ಮ ಗಡಿ ಪೋಸ್ಟಿನಿಂದ ವಾರಕ್ಕೊಮ್ಮೆ ಸಿಗುವ ಆ ಎರಡು ನಿಮಿಷ ಅತ್ತೆಯ ಪಾಲು. ನನ್ನ ಕೈಗೆ ಫೋನು ಬರುವಷ್ಟರಲ್ಲಿ 'ಸರಿ, ಇಡ್ತೀನಿ' ಅನ್ನುವುದು ಮಾತ್ರ ಉಳಿದಿರುತ್ತದೆ. ಅಲ್ಲದೆ ಇದು ಅವರ ಎದುರಿಗೆ ಹೇಳುವ ಮಾತೂ ಅಲ್ಲ.

ಅತ್ತೆ ಮನೆಯೊಳಗೆ ಮಲಗುತ್ತಿಲ್ಲ. ನೀವು ಆಸೆಪಟ್ಟು ತೆಗೆದುಕೊಳ್ಳಿ ಅಂದ ಕ್ಯಾಂಪಿಂಗ್ ಟ್ರೇಲರ್ ಅಂಗಳದಲ್ಲಿ ನಿಂತಿದೆಯಲ್ಲ, ಅದರಲ್ಲಿ ಒಬ್ಬರೇ ಮಲಗುತ್ತಾರೆ. ಅವರ ಹೃದಯ ಸೋತಿದೆ, ಚಳಿ ಸೋಕಿಸಬೇಡಿ, ರಾತ್ರಿ ಒಬ್ಬರನ್ನೇ ಬಿಡಬೇಡಿ ಅಂತ ಡಾಕ್ಟರು ನನಗೆ ಬಿಡಿಸಿ ಹೇಳಿದ್ದಾರೆ. ಇಲ್ಲಿ ಈಗ ಬೆಳಗಿನ ಮಂಜಿಗೆ ಎದುರಿನ ಗೇಟು ಕಾಣಿಸುವುದಿಲ್ಲ. ನಾನು ಜೊತೆಗೆ ಬರುತ್ತೇನೆ ಅಂದರೆ 'ಮಗೀನ ಒಬ್ಳೇ ಬುಟ್ಟು ಬತ್ತೀಯಾ' ಅಂತ ಗದರಿ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಾರೆ. ಅವರು ಕೆಮ್ಮಿದರೆ ಎದ್ದು ಓಡುತ್ತೇನೆ, ಕೆಮ್ಮದಿದ್ದರೆ ಇನ್ನೂ ಜೋರಾಗಿ ಓಡುತ್ತೇನೆ. ಒಂದು ತಿಂಗಳಿನಿಂದ ನನ್ನ ಬಾಳು ಇಷ್ಟೇ ಆಗಿದೆ, ಸಾಕಾಗಿದೆ.

ಇದಕ್ಕೆಲ್ಲ ಮೂಲ ನೀವೇ. ರಜೆಗೆ ಬಂದಾಗ ಬೆಟ್ಟದ ಮೇಲೆ ಹೋಗಿ ಮಲಗೋಣ, ಕಲ್ಲು ಹಳ್ಳ ಏನಿದ್ದರೂ ಜೀಪಿನ ಹಿಂದೆ ಬರುವಂಥ ಪುಟ್ಟ ಗಾಡಿ ನೋಡು ಅಂದಿರಿ. ವರ್ಷವಿಡೀ ಹಿಮದಲ್ಲಿ ಮಲಗುವವರಿಗೆ ರಜೆಯಲ್ಲೂ ಹೊರಗೇ ಮಲಗುವ ಹುಚ್ಚು ಯಾಕೋ ನನಗಂತೂ ತಿಳಿಯದು. ಚನ್ನರಾಯಪಟ್ಟಣ ರಸ್ತೆಯಲ್ಲಿ ಇವನ್ನು ಮಾಡುವ ರವೀಂದ್ರ ಅವರ ವರ್ಕ್‌ಶಾಪಿಗೆ ಹೊರಟಾಗ, ಹೊಸ ಮಿಕ್ಸಿ ತಂದರೂ ಮೂರು ದಿನ ಮುಖ ಗಂಟು ಹಾಕುವ ಅತ್ತೆ ತಾವೇ ಸೀರೆ ಬದಲಾಯಿಸಿ ಜೀಪು ಹತ್ತಿದರು. ಆಗಲೇ ನನಗೆ ಅನುಮಾನ ಬರಬೇಕಿತ್ತು. ನೀವು ಫೋಟೋ ಕಳಿಸಿದ್ದು ಮೇಲೆ ಟೆಂಟು ಬಿಚ್ಚುವಂಥದ್ದು. ಅದನ್ನು ಕಂಡು 'ಏಣಿ ಅತ್ತಿ ಮಲಗಕ್ಕೆ ನಾನೇನು ಕೋಳಿಯಾ' ಅಂದರು. ಇನ್ನೊಂದು ಗಿಡ್ಡದು, ಎರಡು ದೊಡ್ಡ ಚಕ್ರ, ಒಳಗೆ ಇಬ್ಬರು ಮಲಗುವ ಹಾಸಿಗೆ, ಹಿಂಬದಿಯ ಬಾಗಿಲೆತ್ತಿದರೆ ಅಡುಗೆ ಕಟ್ಟೆ. ಅತ್ತೆ ಅದರೊಳಗೆ ಹೋಗಿ ಸೆರಗು ಹೊದ್ದು ಉದ್ದಕ್ಕೆ ಮಲಗಿಯೇಬಿಟ್ಟರು. ಆಮೇಲೆ ತಗಡು ಬಡಿದು 'ಇದ್ಕೆ ಗೆದ್ಲು ಇಡಿಯಾಕಿಲ್ವಾ?' ಅಂತ ಕೇಳಿದರು. ಬಾಗಿಲಿಗೆ ಮೊಳ ಹಾಕಿ ನೋಡಿ, 'ಮಲಗಿರೋರ್ನ ಅಂಗೇ ಈಚೆಗೆ ಎತ್ಕೋಬೋದಾ?' ಅಂದರು. ರವೀಂದ್ರ ಹೆಮ್ಮೆಯಿಂದ 'ಸ್ಟ್ರೆಚರ್ ಬೇಕಾದ್ರೂ ನುಗ್ತದೆ ಅಜ್ಜಿ' ಅಂದದ್ದೇ ತಡ, 'ಇದೇ ಇರ್ಲಿ ಕಣವ್ವ' ಅಂತ ತೀರ್ಮಾನ ಕೊಟ್ಟರು. ಅಜ್ಜಿಗೆ ಮೊಮ್ಮಗಳ ಜೊತೆ ಊರು ಸುತ್ತುವ ಉಮೇದು ಅಂದುಕೊಂಡು ನಾನು ಖುಷಿಯಾದೆ. ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ.

ದಸರಾ ರಜೆಯಲ್ಲಿ 'ಅಕ್ಕತಂಗೇರ್ನೆಲ್ಲ ಒಂದ್ಸಲ ನೋಡ್ಬುಡ್ತೀನಿ' ಅಂತ ಹಟ ಹಿಡಿದರು. ನೀವು ಹೋದ ರಜೆಯಲ್ಲಿ ನನಗೆ ಜೀಪು ಕಲಿಸಿದಿರಿ ಸರಿ, ಹಿಂದೆ ಇನ್ನೊಂದು ಗಾಡಿ ಕಟ್ಟಿಕೊಂಡು ಓಡಿಸುವುದನ್ನು ಯಾರು ಕಲಿಸಿದ್ದರು? ನೀರಿನ ಕ್ಯಾನು, ಗ್ಯಾಸು, ಅಕ್ಕಿ ಎಲ್ಲವನ್ನೂ ಟ್ರೇಲರಿನ ಹಿಂಬದಿಗೆ ತುಂಬಿದ್ದೆ. ಹೊಳೆನರಸೀಪುರದ ರಸ್ತೆಯಲ್ಲಿ ಸ್ವಲ್ಪ ಜೋರು ಹೋದೆನೋ ಇಲ್ಲವೋ, ಅದು ಎಡಕ್ಕೂ ಬಲಕ್ಕೂ ಬಾಲ ಆಡಿಸತೊಡಗಿತು. ಸ್ಟೀರಿಂಗು ಕೈಯಿಂದ ಕಿತ್ತುಕೊಂಡು ಹೋಗುತ್ತದೇನೋ ಅನ್ನಿಸಿ ಜೀವ ಬಾಯಿಗೆ ಬಂತು. ನಿಲ್ಲಿಸಿ ರವೀಂದ್ರ ಅವರಿಗೆ ಫೋನು ಮಾಡಿದರೆ, ಭಾರವೆಲ್ಲ ಚಕ್ರದಿಂದ ಮುಂದಕ್ಕೆ, ಕೊಂಡಿಯ ಕಡೆಗೆ ಇಡಿ ಮೇಡಂ ಅಂದರು. ಸುಡುವ ಬಿಸಿಲಿನಲ್ಲಿ ಎಲ್ಲ ಇಳಿಸಿ ಮತ್ತೆ ತುಂಬಿದೆ, ಆಮೇಲೆ ಸಾಧುವಾಗಿ ಬಂತು. ಊರೊಳಗೆ ಬಂದರೆ ನಿಮ್ಮ ದೊಡ್ಡಮ್ಮನ ಬೀದಿ ಇಕ್ಕಟ್ಟು. ರಿವರ್ಸಿನಲ್ಲಿ ಎಡಕ್ಕೆ ತಿರುಗಿಸಿದರೆ ಇದು ಬಲಕ್ಕೆ ಹೋಗುತ್ತದೆ. ಬೀದಿಯವರೆಲ್ಲ ಬಂದು 'ಬಲಕ್ಕೆ ಒಡೀರಿ ಅಕ್ಕ', 'ಎಡಕ್ಕೆ ಒಡೀರಿ ಅಕ್ಕ' ಅಂತ ಕೂಗುವವರೇ. ಒಬ್ಬರಂತೂ 'ತಿಂಡಿ ಏನೈತೆ?' ಅಂತ ಕೇಳಿಯೇಬಿಟ್ಟರು. ಅತ್ತೆ ಮುಂದಿನ ಸೀಟಿನಿಂದ ಕತ್ತು ಹೊರಗೆ ಹಾಕಿ 'ಇಡ್ಲಿ ಖಾಲಿ ಕಣಪ್ಪ' ಅಂದರು ನೋಡಿ, ಆ ಸುಸ್ತಿನಲ್ಲೂ ನಕ್ಕುಬಿಟ್ಟೆ.

ದೊಡ್ಡಮ್ಮ ಒಳಗೆ ಹಾಸಿಗೆ ಹಾಸಿದ್ದರು. ಅತ್ತೆ ಗಾಡಿಯಲ್ಲೇ ಮಲಗಿದರು. ಹೊಸ ಗಾಡಿಯ ಮೋಹ ಅಂದುಕೊಂಡೆ. ಅರಕಲಗೂಡಿಗೆ ಬಂದೆವು. ಚಿಕ್ಕಮ್ಮ ಈಗ ಇರುವುದು ತೋಟದ ಮನೆಯಲ್ಲಿ, ಕಾಲುವೆ ಏರಿಯ ಮೇಲೆ ಹೋಗಬೇಕು. ಹಿಂದಿನ ದಿನ ಮಳೆ ಬಂದು ರಸ್ತೆ ಅನ್ನುವುದು ಉಳಿದಿರಲಿಲ್ಲ. ಫೋರ್ ವೀಲ್ ಹಾಕಿ, ಉಸಿರು ಬಿಗಿಹಿಡಿದು, ಒಂದೇ ಸಮ ಎಳೆದೆ. ಗಾಡಿ ಕೆಸರು ಎರಚುತ್ತಾ ಹಿಂದೆ ಬಂತು, ನೀವಿದ್ದಿದ್ದರೆ ಸಿಳ್ಳೆ ಹಾಕುತ್ತಿದ್ದಿರಿ. ಅಲ್ಲೂ ಅತ್ತೆ ಹೊಸ್ತಿಲು ದಾಟಲಿಲ್ಲ. ಚಿಕ್ಕಮ್ಮ ಕೈಹಿಡಿದು ಎಳೆದರೆ, 'ಬ್ಯಾಡ ಕಣೇ, ನಂದು ನಂಗೇ ಐತೆ' ಅಂದರು. ಚಿಕ್ಕಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಹೋದರು. ಮಾರನೆಯ ದಿನ ನುಗ್ಗೇಹಳ್ಳಿಗೆ, ಅತ್ತೆಯ ತವರಿಗೆ ಹೋಗುವ ದಾರಿಯಲ್ಲಿ ನಾನು ಬಿಡದೆ ಕೇಳಿದ ಮೇಲೆ ಅತ್ತೆ ಬಾಯಿ ಬಿಟ್ಟರು.

ಮಾವ ಕಟ್ಟಾಯದ ಹಳೆಯ ಮನೆಯಲ್ಲಿ ತೀರಿಕೊಂಡಾಗ ನಿಮಗೆ ಐದು ವರ್ಷವಂತೆ. ನಕ್ಷತ್ರ ಧನಿಷ್ಠ. ಆ ನಕ್ಷತ್ರದಲ್ಲಿ ಸಾವಾದ ಮನೆಯಲ್ಲಿ ಆರು ತಿಂಗಳು ದೀಪ ಹಚ್ಚುವಂತಿಲ್ಲ ಅಂತ ಹಿರಿಯರು ನಿಂತು ಬೀಗ ಹಾಕಿಸಿದರು. ಅತ್ತೆ ನಿಮ್ಮನ್ನು ಕಂಕುಳಲ್ಲಿ ಇಟ್ಟುಕೊಂಡು ಅರಕಲಗೂಡಿಗೆ ಬಂದರೆ, ಚಿಕ್ಕಮ್ಮನ ಅತ್ತೆ ಜಗಲಿಯ ಮೇಲೇ ಊಟ ಇಟ್ಟು, ನಕ್ಷತ್ರ ಕಾಲಿಗೆ ಅಂಟಿಕೊಂಡು ಬರುತ್ತದೆ, ಒಳಗೆ ಬರಬೇಡಿ ಅಂದರಂತೆ. ನಿಮಗೆ ಜ್ವರ ಬೇರೆ. ಕೊನೆಗೆ ಕಟ್ಟಾಯಕ್ಕೇ ವಾಪಸಾಗಿ ಕಣದ ಕೊಟ್ಟಿಗೆಯಲ್ಲಿ ಆರು ತಿಂಗಳು ಕಳೆದಿರಿ. ಬೀಗ ತೆಗೆದಾಗ ಗೆದ್ದಲು ತೊಲೆಯನ್ನೆಲ್ಲ ತಿಂದು, ನಡುಮನೆಯ ಮಾಡು ಕುಸಿದು ಬಿದ್ದಿತ್ತಂತೆ. ಆ ಮನೆ ಆಮೇಲೆ ಮನೆಯಾಗಲೇ ಇಲ್ಲ. ಇದನ್ನೆಲ್ಲ ನಿಮಗೆ ಯಾವತ್ತಾದರೂ ಹೇಳಿದ್ದಾರೆಯೇ? ನನಗಂತೂ ನೀವು ಹೇಳಿಲ್ಲ.

ಅದಕ್ಕೇ ಈ ಗಾಡಿ. ತಮ್ಮ ಸಾವು ನೀವು ಕಟ್ಟಿಸಿದ ಈ ಹೊಸ ಮನೆಯೊಳಗೆ ಆಗಬಾರದು. ಹಿಂದಿನವರು ಸಾಯುವವರನ್ನು ಜಗಲಿಗೆ ಎತ್ತಿ ಹಾಕುತ್ತಿದ್ದರಲ್ಲ, ಇವರು ತಾವೇ ನಡೆದು ಹೋಗಿ ಮಲಗಿದ್ದಾರೆ. ಊರಿಂದ ಬಂದ ಮೇಲೆ ಮೊದಮೊದಲು ಕೇಳಿದವರಿಗೆಲ್ಲ ಸೆಕೆ ಅಂತ ನೆಪ ಹೇಳುತ್ತಿದ್ದರು. ಹೋದ ತಿಂಗಳು ಡಾಕ್ಟರು ಹೃದಯದ ವಿಷಯ ಹೇಳಿದ ಮೇಲೆ ನೆಪವನ್ನೂ ಬಿಟ್ಟರು. ಪಂಚಾಂಗ ನೋಡಿ ಕೆಟ್ಟ ದಿನಗಳಲ್ಲಿ ಮಾತ್ರ ಹೊರಗೆ ಮಲಗಿ ಅಂತ ನಾನು ಚೌಕಾಸಿ ಮಾಡಿದೆ. 'ಯಾವ ಗಳಿಗೇಲಿ ಯಾವ್ದು ಬತ್ತದೋ ನಾನೇನು ಕಂಡಿದ್ದೀನಾ' ಅಂದರು. ಶಾಂತಿ ಮಾಡಿಸೋಣ ಅಂದೆ. 'ಶಾಂತಿ ಮಾಡುಸ್ದ್ರೆ ಜನದ ಬಾಯಿ ಶಾಂತಿ ಆಯ್ತದಾ?' ಅಂದರು. ಸಿಟ್ಟು ಬಂದು, ಮನೆ ಹೋದರೆ ಹೋಗಲಿ ಬಿಡಿ ಅಂತ ರೇಗಿದೆ. ಆಗ ಅವರು ಮೆಲ್ಲಗೆ, 'ನಿನ್ ಗಂಡ ಇಲ್ಲಿಲ್ಲ. ಆ ಎಣ್ಮಗೀನ ಕಂಕುಳ್ಗಾಕ್ಕೊಂಡು ಯಾರ್ ಜಗ್ಲಿಗೋಯ್ತೀಯೇ ನೀನು?' ಅಂದರು. ನಾನು ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ಅತ್ತುಬಿಟ್ಟೆ. ಹತ್ತು ವರ್ಷದಲ್ಲಿ ನನ್ನ ಸಾರಿಗೆ ಒಂದು ದಿನ ಭೇಷ್ ಅನ್ನದವರು, ನನಗೋಸ್ಕರ ಚಳಿಯಲ್ಲಿ ನಡುಗುತ್ತಿದ್ದಾರೆ ರೀ. ನಕ್ಷತ್ರ ಗಿಕ್ಷತ್ರ ಸುಳ್ಳು ಅಂತ ನಾನು ಮಕ್ಕಳಿಗೆ ಪಾಠ ಮಾಡುತ್ತೇನೆ, ನಿಜ. ಆದರೆ ಅವರ ಕಣ್ಣಲ್ಲಿ ಕಣ್ಣಿಟ್ಟು ಅದನ್ನು ಹೇಳುವ ಶಕ್ತಿ ನನಗಿಲ್ಲ. ಅವರು ಕಂಡದ್ದು ನಕ್ಷತ್ರವನ್ನಲ್ಲ, ಜನರನ್ನು.

ನೀವು ಗಾಬರಿಯಾಗಬೇಡಿ. ಮಾತ್ರೆ ಸರಿಯಾಗಿ ನುಂಗಿಸುತ್ತಿದ್ದೇನೆ, ಕಂಬಳಿ ಎರಡು ಹೊದಿಸಿದ್ದೇನೆ. ಫೆಬ್ರವರಿಯ ರಜೆ ಖಾಯಂ ಮಾಡಿಸಿಕೊಳ್ಳಿ. ಅತ್ತೆ ಆಶೀರ್ವಾದ ತಿಳಿಸಿದ್ದಾರೆ. ನಿಸರ್ಗ ಬಿದ್ದ ಹಲ್ಲನ್ನು ಲಕೋಟೆಯಲ್ಲಿಟ್ಟು ಕಳಿಸಬೇಕೆಂದು ಅತ್ತಳು, ಕಳಿಸಿಲ್ಲ, ಮುತ್ತು ಮಾತ್ರ ಕಳಿಸಿದ್ದಾಳೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ, ಜಾಗ್ರತೆ.

ಇಂತಿ ನಿಮ್ಮ
ಭವ್ಯಶ್ರೀ

ವಿ.ಸೂ.: ಲಕೋಟೆ ಅಂಟಿಸುವ ಮುಂಚೆ ಇದೊಂದು. ಈಗಷ್ಟೇ ಊಟವಾಗಿ ಅತ್ತೆ ಗಾಡಿಯ ಕಡೆ ಹೊರಟಾಗ ನನಗೆ ತಡೆಯಲಾಗಲಿಲ್ಲ. ದೀಪ ಆರಿಸಿ, ನಿಸರ್ಗಳನ್ನು ಎತ್ತಿಕೊಂಡು, ಮನೆಗೆ ಬೀಗ ಜಡಿದು ನಾವೂ ಗಾಡಿಯೊಳಗೆ ನುಗ್ಗಿದೆವು. 'ಇದೇನೇ, ಬಾಳೋ ಮನೆಗೆ ಬೀಗ ಆಕ್ಬುಟ್ಟೆ?' ಅಂದರು. 'ಇನ್ಮೇಲೆ ದಿನಾ ರಾತ್ರಿ ಹೀಗೇ ಅತ್ತೆ, ನೀವು ಒಳಗೆ ಮಲಗೋ ದಿನ ತೆಗೀತೀನಿ' ಅಂದೆ. ಕತ್ತಲಾದ ಮನೆಯನ್ನೇ ಕಿಟಕಿಯಿಂದ ನೋಡುತ್ತಾ ನನ್ನ ಪಕ್ಕದಲ್ಲೇ ಕೂತಿದ್ದಾರೆ. ಭಾನುವಾರ ನಿಮಗೆ ದೂರು ಹೇಳೇ ಹೇಳುತ್ತಾರೆ. ಆಗ ಈ ಕಾಗದ ತಲುಪಿರುವುದಿಲ್ಲ, ನೀವು ಏನೂ ತಿಳಿಯದೆ ಬೀಗ ತೆಗಿ ಅಂತ ನನ್ನನ್ನು ಬೈದಿರುತ್ತೀರಿ. ಬೈಸಿಕೊಂಡಿರುತ್ತೇನೆ, ಬೀಗ ತೆಗೆದಿರುವುದಿಲ್ಲ. ಇದನ್ನು ಓದಿದ ಮೇಲೆ ಬರುವ ಭಾನುವಾರ ನನ್ನ ಪರ ವಹಿಸಿ ಮಾತಾಡುವುದೇನೂ ಬೇಡ. ಆ ಎರಡು ನಿಮಿಷದಲ್ಲಿ ಅವರಿಗೆ ಒಂದೇ ಮಾತು ಹೇಳಿ: ಅವ್ವಾ, ಈ ಮನೆ ಕಟ್ಟಿಸಿದ್ದು ನಿನಗೆ, ಇದ್ದರೂ ಅದರೊಳಗೇ ಇರು, ಸತ್ತರೂ ಅದರೊಳಗೇ ಸಾಯಿ ಅಂತ. ಗಟ್ಟಿಯಾಗಿ ಹೇಳಿ. ಅದನ್ನು ಮಗನೇ ಹೇಳಬೇಕು ರೀ. ನಾನು ಹೇಳಿದರೆ ಸೊಸೆ ಸಾಯಿ ಅಂದಳು ಅಂತಾಗುತ್ತದೆ.