ಶೆಡ್ಡಿಲ್ಲದ ಯಾರ್ಡು

ಡಿಸೆಂಬರ್ 19, ಗುರುವಾರ

ಊಟಕ್ಕೆ ಮನೆಗೆ ಬಂದವನು ಹತ್ತೇ ನಿಮಿಷ ಆಟದ ರೈಲಿನ ಹಳಿ ಒರೆಸೋಣ ಅಂತ ಹಿಂದಿನ ಕೋಣೆಗೆ ಹೋದೆ. ಬೆಲ್ ಆಯಿತು. ಪಾರ್ಸಲ್! ಎಂಟು ತಿಂಗಳಿಂದ ಕಾಯುತ್ತಿದ್ದ ಉಗಿ ಇಂಜಿನ್ನು. ಅಂಗೈ ಉದ್ದ, ಮೈಯೆಲ್ಲ ಕಪ್ಪು, ಚಕ್ರದ ಅಂಚು ಕೆಂಪು. ಭಾವನಿಗೆ ಗುರುವಾರ ರೆಸ್ಟು, ಬೆಳಿಗ್ಗೆಯಿಂದ ಇಲ್ಲೇ ಠಿಕಾಣಿ. ಪೆಟ್ಟಿಗೆ ಬಿಚ್ಚಲು ನನ್ನನ್ನು ಬಿಡಲೇ ಇಲ್ಲ. ಐವತ್ತೆರಡು ವರ್ಷ, ದಿನಾ ಓಡಿಸುವುದು ನಿಜವಾದ ಇಂಜಿನ್ನು. ಆದರೂ ಇದನ್ನು ಕಿವಿಗೆ ಹಿಡಿದು ಮೋಟಾರಿನ ಸದ್ದು ಕೇಳಿದ್ದೇ ಕೇಳಿದ್ದು. “ಕೇಳೇ, ಉಸಿರಾಡ್ತಿದೆ!” ಅಂತ ತನ್ನ ತಂಗಿಯನ್ನೂ, ಅಂದರೆ ನನ್ನವಳನ್ನೂ, ಕರೆದ. ಆಮೇಲೆ ಅದೇ ಹಳೇ ಜೋಕು — “ರೈಲು ನೋಡೋಕೆ ಬಂದೋನು ನನ್ ತಂಗೀನೂ ನೋಡ್ಕೊಂಡು ಹೋದ.” ಇಪ್ಪತ್ತು ವರ್ಷದಿಂದ ಹೇಳ್ತಿದ್ದಾನೆ, ಇಪ್ಪತ್ತು ವರ್ಷದಿಂದ ನಗ್ತಿದ್ದೇವೆ.

ನಾಲ್ಕು ಗಂಟೆಗೆ ನೆನಪಾಯಿತು. ಎಂಟನೇ ಸಿಗ್ನಲ್! ಮೂರು ತಿಂಗಳಿಗೊಮ್ಮೆ ಯಾರ್ಡಿಗೆ ಹೋಗಿ, ನೂರು ಮೀಟರ್ ದೂರದಲ್ಲಿ ಡ್ರೈವರ್ ಕಣ್ಣಿನ ಎತ್ತರಕ್ಕೆ ನಿಂತು, ಕಾಣುತ್ತಾ ಇಲ್ಲವಾ ನೋಡಿ ಫಾರಂ ತುಂಬಬೇಕು. ಇವತ್ತೇ ಕೊನೆಯ ದಿನ. ಸಿಗ್ನಲ್ ಇನ್‌ಸ್ಪೆಕ್ಟರ್ ಸಾಹೇಬರು, ಅಂದರೆ ನಾನು, ಮನೆಯಲ್ಲಿ ಆಟದಲ್ಲಿ ಮುಳುಗಿದ್ದರು.

ಭಾವ ಮಂಡಿಯೂರಿ, ಒಂದು ಕಣ್ಣನ್ನು ಆಟದ ರೈಲಿನ ಹಲಗೆಯ ಅಂಚಿಗೆ ತಂದು, ಇನ್ನೊಂದು ಕಣ್ಣು ಮುಚ್ಚಿಕೊಂಡ. “ಇಲ್ಲೇ ಕಾಣ್ತಿದೆಯಲ್ಲೋ ಎಂಟು. ಕೆಂಪು, ಸ್ಪಷ್ಟ. ಬರ್ಕೋ.”

ಸುಳ್ಳೇನಲ್ಲ. ನಮ್ಮ ಹಲಗೆ ಮೇಲಿರುವುದು ಅದೇ ಯಾರ್ಡು. ನಾಲ್ಕು ವರ್ಷ ಟೇಪು ಹಿಡಿದು ಅಳೆದು, ಎಂಬತ್ತೇಳರಲ್ಲಿ ಒಂದು ಪಾಲು ಮಾಡಿ ಕಟ್ಟಿದ್ದು. ಬರ್ಕೊಂಡೆ. ಸಹಿ. ನಕ್ಕೆವು. ಇವಳು ಚಹಾ ತಂದಳು.

ಜನವರಿ 16, ಗುರುವಾರ

ಇಂಜಿನ್ನು ಎಡ ತಿರುವಿನಲ್ಲಿ ಕುಂಟುತ್ತಿದೆ. ಹಳಿಯ ಕೆಳಗೆ ಒಂದು ಚೂರು ಕಾಗದ ಕೊಟ್ಟ ಮೇಲೆ ಸರಿಹೋಯಿತು.

ಯಾರ್ಡಿನಲ್ಲಿ ಸಿಮೆಂಟ್ ಚೀಲ ಇಡೋಕೆ ಕಂಟ್ರಾಕ್ಟರು ತಗಡಿನ ಶೆಡ್ಡು ಎಬ್ಬಿಸಿದ್ದಾನಂತೆ, ನವೆಂಬರ್ ಕೊನೆಯಲ್ಲೇ. ತಾತ್ಕಾಲಿಕ. ಯಾವ ನಕ್ಷೆಯಲ್ಲೂ ಇಲ್ಲ. ಪಾರ್ಸಲ್ ಆಫೀಸಿನ ಗುಮಾಸ್ತ ಮಾತಿನ ಮಧ್ಯೆ ಹೇಳಿದ. ನಮ್ಮ ಹಲಗೆಗೂ ಹಾಕಬೇಕು. ಮುಂದಿನ ವಾರ ಹೋಗಿ ಅಳತೆ ತರಬೇಕು.

ಫೆಬ್ರವರಿ 4, ಮಂಗಳವಾರ, ಸಂಜೆ 7

ಈಗ ತಾನೆ ಯಾರ್ಡಿನಿಂದ ಬಂದೆ.

ಯಾರ್ಡಿನ ಡ್ರೈವರ್ ರಜೆ. ಅವನ ಬದಲಿಗೆ ಭಾವನನ್ನು ಹಾಕಿದ್ದರು. ವರ್ಷವಾಗಿತ್ತು ಅವನು ಆ ಕಡೆ ಹೋಗಿ. ನಾಲ್ಕೂ ಹತ್ತಕ್ಕೆ ಎಂಟನೇ ಸಿಗ್ನಲ್ ಕೆಂಪಿದ್ದಾಗ ದಾಟಿ ಹೋಗಿ, ನಿಂತಿದ್ದ ವ್ಯಾಗನ್ನುಗಳಿಗೆ ಗುದ್ದಿದ್ದಾನೆ. ಎರಡು ವ್ಯಾಗನ್ನು ಹಳಿ ಬಿಟ್ಟು ಪಕ್ಕದ ತಗಡಿನ ಶೆಡ್ಡಿನ ಮೇಲೆ. ಶೆಡ್ಡು ಅಪ್ಪಚ್ಚಿ. ಕೊಂಡಿ ಹಾಕುತ್ತಿದ್ದ, ನಾವೆಲ್ಲ ‘ಮೀಸೆ’ ಅಂತ ಕರೆಯುವ ಕೆಲಸಗಾರನ ಬಲಗಾಲು ಮಧ್ಯೆ ಸಿಕ್ಕಿಕೊಂಡಿತು.

ಭಾವನಿಗೆ ಒಂದು ಗೀರೂ ಇಲ್ಲ. ಹಳಿ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದ. ನನ್ನನ್ನು ಕಂಡು ಒಂದೇ ಮಾತು: “ಕಾಣ್ಲಿಲ್ಲ ಕಣೋ. ಕಾಣ್ಲೇ ಇಲ್ಲ.”

ಫೆಬ್ರವರಿ 5

ಬೆಳಿಗ್ಗೆ ಹೋಗುವಷ್ಟರಲ್ಲಿ ಕ್ರೇನಿನವರು ಎಲ್ಲಾ ಎತ್ತಿ ಲೈನು ಓಡಾಟಕ್ಕೆ ಬಿಟ್ಟಿದ್ದಾರೆ. ಶೆಡ್ಡಿನ ತಗಡು ಲಾರಿ ಹತ್ತಿ ಗುಜರಿಗೆ ಹೋಗಿದೆ. ಮೂರು ಜನ ಆಫೀಸರುಗಳು ನೂರು ಮೀಟರ್ ಗುರುತಿನಲ್ಲಿ ಸಾಲಾಗಿ ನಿಂತು ನೋಡಿದರು. ಎಂಟು ಕಾಣುತ್ತಿದೆ. ಎಷ್ಟು ಚೆನ್ನಾಗಿ! ಬಟಾಬಯಲು, ಅಡ್ಡಕ್ಕೆ ಒಂದು ಕಡ್ಡಿಯೂ ಇಲ್ಲ.

ದೊಡ್ಡ ಆಫೀಸರ್ ನನ್ನ ಭುಜ ತಟ್ಟಿದರು. “ನಿಮ್ಮ ಡಿಸೆಂಬರ್ ಫಾರಂ ಪಕ್ಕಾ ಇದೆ. ನೀವೇನೂ ತಲೆ ಕೆಡಿಸ್ಕೋಬೇಡಿ.”

ಕುಂಬಳಕಾಯಿ ಕಳ್ಳ ಅಂತ ಯಾರೂ ಕೂಗಿರಲಿಲ್ಲ. ಆದರೂ ಅವರು ಕೈ ತೆಗೆದ ಮೇಲೆ ನಾನೇ ಹೆಗಲು ಮುಟ್ಟಿ ನೋಡಿಕೊಂಡೆ.

ಸಂಜೆ — ಬಾಯಿ ಬಿಡಬೇಕಿತ್ತು. ಶೆಡ್ಡು ಅಡ್ಡ ಇತ್ತು ಅಂತ ಹೇಳಬೇಕಿತ್ತು. ಹೇಳಿದರೆ, ಹಾಗಾದರೆ ಡಿಸೆಂಬರಿನಲ್ಲಿ ಕಾಣ್ತಿದೆ ಅಂತ ಹೇಗ್ರೀ ಬರೆದ್ರಿ ಅಂತ ಕೇಳುತ್ತಾರೆ. ಶೆಡ್ಡು ನಿಜವಾಗಿ ಅಡ್ಡ ಬರ್ತಿತ್ತೋ ಇಲ್ಲವೋ ನನಗಾದರೂ ಏನು ಗೊತ್ತು? ನಾನು ನೋಡಿಲ್ಲ.

ನೋಡಿಲ್ಲ. ಅದೇ ತಾನೆ ವಿಷಯ.

ಫೆಬ್ರವರಿ 9, ಭಾನುವಾರ

ಆಸ್ಪತ್ರೆ. ಮೀಸೆಯ ಪಾದ ತೆಗೆದಿದ್ದಾರೆ. ಹೊದಿಕೆ ಒಂದು ಕಡೆ ಬೇಗ ಚಪ್ಪಟೆಯಾಗುತ್ತದೆ. ತನ್ನ ಮೀಸೆಯನ್ನು ಮಾತ್ರ ಹಾಗೇ ಹುರಿ ಮಾಡಿಕೊಂಡಿದ್ದಾನೆ. “ಇನ್ಮೇಲೆ ಚಪ್ಪಲಿ ಹರಿದ್ರೆ ಅರ್ಧ ಚಿಂತೆ ಸಾರ್” ಅಂದ. ವಾರ್ಡಿನಲ್ಲಿ ಎಲ್ಲರೂ ನಕ್ಕರು. ನಾನೂ ನಗಬೇಕಾಯಿತು.

ಆಮೇಲೆ ದನಿ ತಗ್ಗಿಸಿ ಕೇಳಿದ: “ಆ ಕುರುಡನಿಗೆ ಇಂಜಿನ್ ಕೊಟ್ಟೋರು ಯಾರು ಸಾರ್?”

ಅದು ನನ್ನ ಭಾವ ಅಂತ ಅವನಿಗೆ ಗೊತ್ತಿಲ್ಲ. ಕಿತ್ತಳೆ ಹಣ್ಣು ಟೇಬಲ್ಲಿನ ಮೇಲಿಟ್ಟು ಬಂದೆ.

ಫೆಬ್ರವರಿ 13, ಗುರುವಾರ

ಭಾವ ಬಂದಿದ್ದ. ಸಸ್ಪೆಂಡ್ ಆದವನಿಗೆ ಎಲ್ಲಾ ದಿನವೂ ರೆಸ್ಟೇ, ಆದರೂ ಗುರುವಾರಕ್ಕೇ ಬಂದ. ಹಿಂದಿನ ಕೋಣೆಗೆ ಕಾಲಿಡಲಿಲ್ಲ. ಅಡುಗೆಮನೆ ಬಾಗಿಲಲ್ಲಿ ನಿಂತು, ಎದುರು ಗೋಡೆಯ ಕ್ಯಾಲೆಂಡರಿನ ಸಣ್ಣಕ್ಷರ ಒಂದೊಂದೇ ಓದಿದ. ತಂಗಿ ಹತ್ತಿರ ಹೋಗಿ ಸರಿ ಇದೆಯಾ ನೋಡಿ ಹೇಳಬೇಕು.

ಕಣ್ಣಿನ ಡಾಕ್ಟರು ಮೂವರ ಹತ್ತಿರ ಹೋಗಿದ್ದಾನೆ. ಮೂವರೂ ಕಣ್ಣು ಚೆನ್ನಾಗಿದೆ ಅಂದಿದ್ದಾರೆ. ನಾಲ್ಕನೆಯವರನ್ನು ಹುಡುಕುತ್ತಿದ್ದಾನೆ. “ಅಷ್ಟು ದೊಡ್ಡ ಕೆಂಪು ದೀಪ. ನೂರು ಮೀಟರ್. ಅವರೆಲ್ಲಾ ನಿಂತು ನೋಡಿದ್ರು, ನನ್ನನ್ನೂ ನಿಲ್ಸಿ ತೋರ್ಸಿದ್ರು. ಕಾಣುತ್ತೆ! ಅವತ್ತು ನಂಗ್ಯಾಕೆ ಕಾಣ್ಲಿಲ್ಲ? ಕಣ್ಣಲ್ಲ ಅಂದ್ರೆ ತಲೇನೇ ಕೆಟ್ಟಿರ್ಬೇಕು.”

ಇವಳು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಅವನ ಎದುರು ಕೂತಿದ್ದೆ. ಎರಡು ಅಡಿ ದೂರ. ಬಾಯಿಬಿಟ್ಟರೆ ಬಣ್ಣಗೇಡು.

ಹೋಗುವಾಗ ರಸ್ತೆ ದಾಟಲು ಹೆದರಿ ನಿಂತಿದ್ದ. ಮೂವತ್ತು ವರ್ಷ ಇಂಜಿನ್ ಓಡಿಸಿದವನು. ಸ್ಕೂಟರು ಎಷ್ಟು ದೂರ ಇದೆ ಅಂತ ನನ್ನನ್ನು ಕೇಳಿದ.

ಫೆಬ್ರವರಿ 17

ಏನೂ ಬರೆಯುವಂಥದ್ದಿಲ್ಲ. ಆಫೀಸು, ಮನೆ. ವಿಚಾರಣೆ ಮಾರ್ಚ್ 4ಕ್ಕೆ ಅಂತ ಕಾಗದ ಬಂತು. ಸಾಕ್ಷಿಗಳ ಪಟ್ಟಿಯಲ್ಲಿ ನನ್ನ ಹೆಸರು ಆರನೆಯದು.

ಫೆಬ್ರವರಿ 22, ಶನಿವಾರ

ಯಾರ್ಡಿಗೆ ಹೋದೆ. ಟೇಪು, ಪೆನ್ಸಿಲ್, ಹಳೇ ನೋಟ್‌ಬುಕ್ಕು. 

ಶೆಡ್ಡಿನ ಕಂಬಗಳನ್ನು ಬುಡದಲ್ಲಿ ಕೊಯ್ದಿದ್ದಾರೆ. ನಾಲ್ಕು ಮೊಂಡು ತುಂಡು ಜಲ್ಲಿಯ ನಡುವೆ ಇನ್ನೂ ಇವೆ. ಹಳಿಯಿಂದ ಎಷ್ಟು, ತಿರುವಿನಿಂದ ಎಷ್ಟು, ಅಳೆದೆ. ಪಕ್ಕದ ಗೋಡೆಯ ಮೇಲೆ ಶೆಡ್ಡಿನ ಸೂರು ಉಜ್ಜಿದ ಗುರುತಿದೆ, ಎತ್ತರ ಸಿಕ್ಕಿತು. ಬಿಸಿಲಲ್ಲಿ ಎರಡು ಗಂಟೆ. ಡಿಸೆಂಬರಿನಲ್ಲಿ ಇದಕ್ಕೆ ಇಪ್ಪತ್ತು ನಿಮಿಷ ಸಾಕಿತ್ತು. ಕೆಲಸಕ್ಕೆ ಬರದವನು ಆಟಕ್ಕೆ ಬಂದಿದ್ದೆ.

ಫೆಬ್ರವರಿ 23, ಭಾನುವಾರ

ಬೆಳಿಗ್ಗೆ ರಟ್ಟು ಕೊಯ್ದು ಶೆಡ್ಡು ಮಾಡಿದೆ. ಸೂರಿಗೆ ಬಿಸ್ಕತ್ತು ಡಬ್ಬದೊಳಗಿನ ಸುಕ್ಕು ಕಾಗದ, ಮೇಲೆ ಬೂದು ಬಣ್ಣ. ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದು. ಕೈ ತಾನಾಗಿ ಕೆಲಸ ಮಾಡುತ್ತಿತ್ತು. ತುಕ್ಕಿನ ಕಲೆಯನ್ನೂ ಹಾಕಿದೆ. ನಾಚಿಕೆಗೇಡು! ಆ ಹೊತ್ತಿಗೆ ಖುಷಿಯೂ ಆಯಿತು.

ಅಳತೆ ನೋಡಿ ಜಾಗದಲ್ಲಿಟ್ಟೆ. ಆ ಕಡೆ ಹೋಗಿ ಮಂಡಿಯೂರಿದೆ. ಕಣ್ಣು ಹಲಗೆಯ ಅಂಚಿಗೆ. ಡ್ರೈವರಿನ ಎತ್ತರ.

ಎಂಟು ಇಲ್ಲ.

ತಲೆ ಅಲ್ಲಾಡಿಸಿದೆ, ಕಣ್ಣು ಬದಲಾಯಿಸಿದೆ. ಇಲ್ಲ. ಕೆಂಪೂ ಇಲ್ಲ, ಕಂಬವೂ ಇಲ್ಲ. ಬೂದು ತಗಡು. ಇಂಜಿನ್ನನ್ನು ಕೈಯಲ್ಲಿ ಮುಂದೆ ಮುಂದೆ ತಳ್ಳುತ್ತಾ ಹೋದೆ. ಶೆಡ್ಡು ದಾಟಿದ ಮೇಲೆ ಒಮ್ಮೆಲೇ ಕಾಣುತ್ತದೆ. ಅಷ್ಟರಲ್ಲಿ ಬ್ರೇಕು ಹಾಕಿ ಏನು ಪ್ರಯೋಜನ.

ಹಾಗೇ ನೆಲದ ಮೇಲೆ ಕೂತುಬಿಟ್ಟೆ. ಇವಳು ಬಂದಿದ್ದು ಗೊತ್ತಾಗಲಿಲ್ಲ. ಏನಾಯ್ತು ಅಂದಳು. ಹೇಳಿದೆ. ಡಿಸೆಂಬರಿನಿಂದ ಶುರು ಮಾಡಿ ಎಲ್ಲಾ ಹೇಳಿದೆ. ಅತ್ತರೆ, ಬೈದರೆ ತಡೆದುಕೊಳ್ಳಬಹುದಿತ್ತು. ಅವಳು ಅಲ್ಲಿ ನಿಂತೇ ಒಂದು ಮಾತು ಕೇಳಿದಳು.

“ಅಣ್ಣನ ಕಣ್ಣು ಸರಿ ಇದೆ ಅಂತ ನಿಮಗೆ ಹತ್ತೊಂಬತ್ತು ದಿನದಿಂದ ಗೊತ್ತಿತ್ತಾ?”

ಗೊತ್ತಿರಲಿಲ್ಲ, ಅನುಮಾನ ಇತ್ತು ಅಷ್ಟೇ ಅಂದೆ.  ಅನುಮಾನ ಇದ್ದವನು ಒಂದು ರಟ್ಟು ಕೊಯ್ದು ನೋಡಲು ಹತ್ತೊಂಬತ್ತು ದಿನ ತಗೊಳ್ಳುವುದಿಲ್ಲ.

ಫೆಬ್ರವರಿ 25

ಊಟ ಬಡಿಸುತ್ತಾಳೆ. ತಟ್ಟೆ ಇಟ್ಟು ಒಳಗೆ ಹೋಗುತ್ತಾಳೆ. ಇವತ್ತು ನೀರಿನ ಲೋಟ ಇಡುತ್ತಾ ಅಂದಳು: “ಹೇಳಿ ಅಂತ ನಾನು ಹೇಳಲ್ಲ. ಹೇಳ್ಬೇಡಿ ಅಂತಾನೂ ಹೇಳಲ್ಲ. ಆದ್ರೆ ಗುರುವಾರ ಅಣ್ಣ ಬಂದಾಗ ನಾನು ಮತ್ತೆ ಕ್ಯಾಲೆಂಡರ್ ಪಕ್ಕ ನಿಲ್ಲಲ್ಲ.”

ಫೆಬ್ರವರಿ 27, ಗುರುವಾರ

ಭಾವನ ಕೈ ಹಿಡಿದು ಹಿಂದಿನ ಕೋಣೆಗೆ ಕರೆದುಕೊಂಡು ಹೋದೆ. ಬೇಡ ಬೇಡ ಅಂತಲೇ ಬಂದ. ಶೆಡ್ಡು ಕಂಡ. “ಚೆನ್ನಾಗ್ ಬಂದಿದೆ. ತುಕ್ಕೂ ಹಾಕಿದ್ಯಲ್ಲೋ” ಅಂದ. ಅಭ್ಯಾಸಬಲ.

“ಬಗ್ಗಿ ನೋಡು.”

ಬಗ್ಗಿದ. ಮಂಡಿ ಲಟಕ್ಕೆಂದಿತು. ನೋಡಿದ. ಕಣ್ಣುಜ್ಜಿಕೊಂಡು ಮತ್ತೆ ನೋಡಿದ.  ಆಮೇಲೆ ಕೋಣೆ ಅದುರುವ ಹಾಗೆ ಕೂಗಿದ: “ಲೇ! ಬಾರೇ ಇಲ್ಲಿ! ನನ್ ಕಣ್ಣು ಸರಿಯಾಗಿದೆ ಕಣೇ!” ತಂಗಿಯ ಎರಡೂ ಕೈ ಹಿಡಿದುಕೊಂಡು ಅಳ್ತಾನೆ, ನಗ್ತಾನೆ. ಅವಳೂ ಅತ್ತಳು. ಮದುವೆಯಾದಾಗಿನಿಂದ ಅವನನ್ನು ಇಷ್ಟು ಖುಷಿಯಲ್ಲಿ ನೋಡಿರಲಿಲ್ಲ. ನಾನು ಕಿಟಕಿ ಹತ್ತಿರ ನಿಂತಿದ್ದೆ, ಪರರ ಮನೆಗೆ ಬಂದವನ ಹಾಗೆ.

ಇವಳು ಚಹಾ ಮಾಡಲು ಹೋದಳು. ಆಗ ಅವನಿಗೆ ಹೊಳೆಯಿತು. ಮುಖ ನಿಧಾನಕ್ಕೆ ಇಳಿಯಿತು.

“ಇಂಜಿನ್ ಬಂದ ದಿನ. ಆ ಫಾರಂ.”

“ಹೂಂ.”

“ಬರ್ಕೋ ಅಂದೋನು ನಾನೇ.”

“ತಮಾಷೆಗೆ ಅಂದೆ. ಸಹಿ ನಂದು.”

 ಆಮೇಲೆ ಉಗುರಿನಿಂದ ಎಬ್ಬಿಸಿ ಶೆಡ್ಡು ಕಿತ್ತ. ಅಂಗಿ ಜೇಬಿಗೆ ಹಾಕಿಕೊಂಡ. “ನನ್ ಕಣ್ಣು ಸರಿ ಇದೆ ಅಂತ ನಂಗೆ ಗೊತ್ತಾಯ್ತು. ಸಾಕು. ಇನ್ನು ಕೆಲ್ಸದಿಂದ ತೆಗೆದ್ರೂ ನಿದ್ದೆ ಬರುತ್ತೆ. ನಂದು ಇನ್ನು ಉಳಿದಿರೋದು ಎಂಟು ವರ್ಷ ಸರ್ವಿಸು, ನಿಂದು ಹದಿನಾಲ್ಕು. ನೀನು ಬಾಯ್ಮುಚ್ಕೊಂಡಿರು.”

“ಮೀಸೆ ನಿನ್ನ ಕುರುಡ ಅಂತಾನೆ.”

“ಅನ್ಲಿ ಬಿಡು. ನಾನಲ್ಲ ಅಂತ ನಂಗೊತ್ತಲ್ಲ.”

ರಸ್ತೆಯನ್ನು ಎಡಕ್ಕೂ ನೋಡದೆ ಬಲಕ್ಕೂ ನೋಡದೆ ದಾಟಿಕೊಂಡು ಹೋದ, ಮೊದಲಿನ ಹಾಗೆ. ಗೇಟಿನಲ್ಲಿ ನಿಂತು ನೋಡಿದೆ. ಇಷ್ಟು ಸುಲಭಕ್ಕೆ ತಪ್ಪಿಸಿಕೊಳ್ಳಬಹುದು ಅಂತ ಆದಾಗ ಮನಸ್ಸಿಗೆ ಸಮಾಧಾನ ಆಗಬೇಕು ತಾನೆ? ಆಯಿತು. ಸುಳ್ಳು ಯಾಕೆ ಬರೆಯಲಿ. ಸುಮಾರು ಅರ್ಧ ಗಂಟೆ ಇತ್ತು.

ಮಾರ್ಚ್ 2, ಭಾನುವಾರ

ಇನ್ನೊಂದು ಶೆಡ್ಡು ಮಾಡಿದೆ. ಸುಕ್ಕು ಕಾಗದ ಉಳಿದಿರಲಿಲ್ಲ. ಇವಳು ಕೇಳದೆಯೇ ಹೊಸ ಬಿಸ್ಕತ್ತು ಡಬ್ಬ ಒಡೆದು, ಬಿಸ್ಕತ್ತನ್ನು ತಟ್ಟೆಗೆ ಸುರಿದು, ಕಾಗದ ತಂದುಕೊಟ್ಟಳು. ಅವಳು ಹಿಡಿದಳು, ನಾನು ಅಂಟಿಸಿದೆ. ತುಕ್ಕು ಹಾಕಲಿಲ್ಲ. ಯಾರ್ಡಿನ ಹಲಗೆಯ ನಾಲ್ಕು ಬೋಲ್ಟು ಬಿಚ್ಚಿ ಉಳಿದದ್ದರಿಂದ ಬೇರೆ ಮಾಡಿದೆ.

“ಹೆದರಿಕೆ ಆಗ್ತಿದ್ಯಾ?” ಅಂದಳು.

“ತುಂಬಾ.”

“ನಂಗೂ” ಅಂದಳು. ಇಬ್ಬರೂ ತಟ್ಟೆಯ ಬಿಸ್ಕತ್ತು ಖಾಲಿ ಮಾಡಿದೆವು.

ಮಾರ್ಚ್ 4, ಬೆಳಿಗ್ಗೆ 10.40

ವಿಚಾರಣೆ ಕೋಣೆಯ ಹೊರಗೆ, ಬೆಂಚಿನ ಮೇಲೆ. ಹಲಗೆಗೆ ಹಳೇ ಬೆಡ್‌ಶೀಟು ಸುತ್ತಿ ಗೋಡೆಗೆ ಒರಗಿಸಿದ್ದೇನೆ. “ಮನೆ ಖಾಲಿ ಮಾಡ್ತಿದ್ದೀರಾ ಸಾರ್?” ಅಂದ ಪ್ಯೂನು. ಹಾಗೇ ಅನ್ಕೋ ಅಂದೆ.

ಪಕ್ಕದಲ್ಲಿ ಭಾವ. ಇಸ್ತ್ರಿ ಮಾಡಿದ ಅಂಗಿ, ಜೇಬು ಉಬ್ಬಿದೆ, ಮೇಲೆ ಕೈ. ಶೆಡ್ಡು ತನ್ನ ಹತ್ತಿರ ಇರುವವರೆಗೂ ನಾನೇನೂ ಮಾಡಲಾರೆ ಅಂತ ಅವನ ಧೈರ್ಯ. ಐದು ಸಾಕ್ಷಿ ಮುಗಿಯಿತು. ಈಗ ತಾನೆ ಬೆಡ್‌ಶೀಟಿನ ತುದಿ ಎತ್ತಿ ನೋಡಿದ. ಒಳಗೆ ಹೊಸ ಶೆಡ್ಡು. ಮತ್ತೆ ಮುಚ್ಚಿದ. 

ಒಳಗೆ ನಾಲಿಗೆ ತಡವರಿಸಬಾರದು, ಹೇಳುವುದನ್ನು ಬರೆದಿಟ್ಟುಕೊಳ್ಳುತ್ತೇನೆ. ಡಿಸೆಂಬರ್ ಹತ್ತೊಂಬತ್ತರಂದು ನಾನು ಯಾರ್ಡಿಗೆ ಹೋಗಿರಲಿಲ್ಲ. ಮನೆಯಲ್ಲಿದ್ದೆ. ಆಟದ ರೈಲು ಓಡಿಸುತ್ತಿದ್ದೆ. ಈ ಹಲಗೆ ನೋಡಿ ಫಾರಂ ತುಂಬಿದೆ. ಆಗ ಇದರಲ್ಲಿ ಶೆಡ್ಡು ಇರಲಿಲ್ಲ. ನನ್ನ ಜೊತೆ ಬೇರೆ ಯಾರೂ —

ನನ್ನ ಹೆಸರು ಕೂಗಿದರು. ಭಾವ ಆಗಲೇ ಎದ್ದು ಹಲಗೆಯ ಒಂದು ಕೊನೆ ಎತ್ತಿ ನಿಂತಿದ್ದಾನೆ. ಬಿಡು, ನಾನೊಬ್ಬನೇ ತಗೊಂಡು ಹೋಗ್ತೀನಿ ಅಂದೆ. ಬಿಡ್ತಿಲ್ಲ. ಬರ್ಕೋ ಅಂದೋನು ನಾನೇ ಅಲ್ವಾ, ಪೆನ್ನು ಜೇಬಿಗೆ ಹಾಕು, ಆ ಕಡೆ ನೀನು ಹಿಡ್ಕೋ ಅಂತಿದ್ದಾನೆ.