ಬ್ರೇಕ್ ಮುಟ್ಟಿದವರು ಮೊದಲು ಕೂರಬೇಕು

ಮಾರ್ಚ್ 3, ಬೆಳಿಗ್ಗೆ 10.15
ಎರಡನೇ ಕಾಫಿ. ಕಾರಿನ ಬ್ರೇಕ್ ಸಾಫ್ಟ್‌ವೇರ್‌ನ ಹೊಸ ಅಪ್‌ಡೇಟ್ ಟೆಸ್ಟಿಗೆ ಹಾಕಿದ್ದೇನೆ. ನಲವತ್ತು ಸಲದಲ್ಲಿ ಒಂದು ಸಲ ಫೇಲ್ — ಪೆಡಲ್ ಒತ್ತಿದ ಮೇಲೆ ಬ್ರೇಕ್ ಹಿಡಿಯುವುದು ತಡ. ಮತ್ತೆ ಓಡಿಸಿದರೆ ಪಾಸ್, ಪರದೆಯಲ್ಲಿ ಹಸಿರು. ಯಾಕೆಂದು ತಿಳಿಯದು.
“ಹಸಿರು ಬಂತಲ್ಲಮ್ಮ, ಮುಗೀತು. ಏನಾದ್ರೂ ಇದ್ರೆ ಮುಂದಿನ ಅಪ್‌ಡೇಟಲ್ಲಿ ನೋಡ್ಕೊಳ್ಳೋಣ” ಅಂದರು ಮ್ಯಾನೇಜರ್.
ಬಿಡುಗಡೆಗೆ ಸಹಿ ಹಾಕಿದೆ.

ಮಾರ್ಚ್ 4
ಅಣ್ಣನ ಗ್ಯಾರೇಜಿಗೆ ಹೋಗಿದ್ದೆ. ಹಳೇ ಕಾರೊಂದರ ಗೇರ್‌ಬಾಕ್ಸ್ ಜೋಡಿಸಿ, ಓಡಿಸಿಯೂ ನೋಡಿದ್ದ. ಟ್ರೇಯಲ್ಲಿ ಒಂದು ನಟ್ಟು ಉಳಿದಿತ್ತು. ಗೊಣಗುತ್ತಲೇ ಎಲ್ಲ ಮತ್ತೆ ಬಿಚ್ಚಿದ.
“ಗಾಡಿ ಓಡ್ತಿದೆಯಲ್ಲ ಅಣ್ಣ?”
“ಓಡೋದು ಬೇರೆ ಕಣೇ. ಇದು ಎಲ್ಲೀದು ಅಂತ ಗೊತ್ತಾಗ್ಬೇಕು.”
ಅವನಿಗೆ ಬಾನೆಟ್ ಎತ್ತಿದರೆ ಎಲ್ಲ ಕಾಣುತ್ತದೆ. ನಾನು ತಿದ್ದುವ ಕೋಡಿನಲ್ಲಿ ಅರ್ಧ ಯಾರು ಬರೆದದ್ದೋ. ಉಳಿದ ನಟ್ಟು ನಮ್ಮ ಕೈಗೆ ಸಿಗುವುದೇ ಇಲ್ಲ.

ಮಾರ್ಚ್ 9, ಮಧ್ಯಾಹ್ನ
ಬರೆಯಲು ಮನಸ್ಸಾಗಿರಲಿಲ್ಲ. ಅಪ್‌ಡೇಟ್ ಮೊದಲ ಇನ್ನೂರು ಕಾರುಗಳಿಗೆ ಹೋಗಿದೆ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಎಲ್ಲ ಕಾರುಗಳಿಗೂ. ಆಂಬುಲೆನ್ಸ್ ಸದ್ದಾದರೂ ಎದ್ದು ಕಿಟಕಿಗೆ ಹೋಗುತ್ತೇನೆ... ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಸಂಜೆ 6
ಅಣ್ಣನ ಫೋನ್. ಆ ಇನ್ನೂರರಲ್ಲಿ ಒಂದು ಅವನ ಬಳಿ ಬಂದಿದೆ, ಬ್ರೇಕ್ ಪ್ಯಾಡ್ ಬದಲಿಸಲು; ಡ್ಯಾಶ್‌ಬೋರ್ಡಿನಲ್ಲಿ ನಮ್ಮ ಹೊಸ ಅಪ್‌ಡೇಟ್ ಎಂದು ತೋರಿಸಿತಂತೆ. ಅವನದೊಂದು ನೇಮ — ಬ್ರೇಕ್ ಮುಟ್ಟಿದವರೇ ಮೊದಲ ಟ್ರಯಲ್‌ಗೆ ಕೂರಬೇಕು.
“ಚಕ್ರದ ಹತ್ರ ನನ್ ಕೆಲ್ಸ, ಒಳಗಡೆ ನಿಂದು. ಬಾ, ಪಕ್ಕದಲ್ಲಿ ಕೂತ್ಕೋ. ಇಳಿಜಾರಲ್ಲಿ ಒಂದ್ಸಲ ಹೋಗ್ಬರೋಣ.”
ಹೋದೆ. ಕಾರಿನ ಬಾಗಿಲು ತೆರೆದಿತ್ತು. ನಾನು ಹತ್ತಲಿಲ್ಲ. “ತಲೆನೋವು ಅಣ್ಣ” ಎಂದೆ.
ನನ್ನ ಮುಖ ನೋಡಿದ. ಕೀ ತೆಗೆದು ಜೇಬಿಗೆ ಹಾಕಿಕೊಂಡ. “ನೀನು ಕೂರಲ್ಲ ಅಂದ್ರೆ ಈ ಗಾಡಿ ಆಚೆ ಹೋಗಲ್ಲ. ಮಿಕ್ಕಿದ್ದರಲ್ಲಿ ಕೂತಿರೋರಿಗೆ ಯಾರು ಹೇಳ್ತಾರೆ?”
ನಾಚಿಕೆಯಾಯಿತು.

ಮಾರ್ಚ್ 10, ಬೆಳಿಗ್ಗೆ 8.40
ಅಪ್‌ಡೇಟ್ ನಿಲ್ಲಿಸುವ ಫಾರ್ಮ್ ತೆರೆದಿದ್ದೇನೆ. ಕಾರಣ ಕೇಳುತ್ತಿದೆ. ‘ನಲವತ್ತರಲ್ಲಿ ಒಂದು’ ಎಂದು ಬರೆದೆ. ನಗುತ್ತಾರೆ. ಅಳಿಸಿದೆ.
ಮತ್ತೆ ಬರೆದೆ: ಸಹಿ ಹಾಕಿದವಳು ನಾನು. ಆ ಕಾರಿನಲ್ಲಿ ಕೂರಲು ಒಪ್ಪದವಳೂ ನಾನೇ. ಇನ್ನೂರು ಮಾಲೀಕರಿಗೂ ಗಾಡಿ ತೆಗೆಯಬೇಡಿ ಎಂದು ಈಗಲೇ ತಿಳಿಸಿ.
8.52. ಕಳಿಸಿದೆ.
ಮ್ಯಾನೇಜರ್ ಕುರ್ಚಿ ತಳ್ಳಿ ಎದ್ದರು. ಇತ್ತಲೇ ಬರುತ್ತಿದ್ದಾರೆ. ಈ ಸಲ ತಲೆನೋವು ಎನ್ನಬಾರ—